ಹಿಮದ ರಸ್ತೆಗೆ ಆಲ್ ವೀಲ್ ಡ್ರೈವ್ ಸಾಕೇ, ಟೈರ್ ಬದಲಿಸಬೇಕೇ?

ನಮಸ್ಕಾರ ಸರ್. ಜನವರಿಯಲ್ಲಿ ಮನೆಯವರೊಂದಿಗೆ ಸಿಂಧನೂರಿನಿಂದ ಸ್ವಂತ ಕಾರಿನಲ್ಲೇ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಆಚೆಯ ಸಿಸ್ಸು ಹಳ್ಳಿ ನೋಡಿಕೊಂಡು ಬರಬೇಕೆಂದಿದ್ದೀರಿ. ಗಾಡಿ ಗ್ರ್ಯಾಂಡ್ ವಿಟಾರಾ ಆಲ್ ವೀಲ್ ಡ್ರೈವ್. ಕಂಪನಿಯಿಂದ ಬಂದ ಟೈರುಗಳೇ ಸಾಕೇ, ಇಲ್ಲವೇ ಮಡ್ ಟೈರ್ ಹಾಕಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಟೈರಿನ ಚಿಂತೆ ಬೇಡ ಎಂದು ಗಂಗಾವತಿಯ ಅಣ್ಣನವರು ಮೇಲೆ ಬರೆದಿದ್ದಾರೆ. ಅವರ ಮಾತು ಏರು ಹತ್ತುವುದಕ್ಕೆ ಸರಿ. ಇಳಿಯುವುದಕ್ಕೆ ಮತ್ತು ನಿಲ್ಲಿಸುವುದಕ್ಕೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಎಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಹಂಚಿಹೋದಾಗ, ನಿಂತ ಗಾಡಿ ಜಾರುವ ನೆಲದಲ್ಲಿ ಸಲೀಸಾಗಿ ಹೊರಡುತ್ತದೆ ಎಂಬುದು ನಿಜ. ಆದರೆ ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗೂ ಇದ್ದೇ ಇರುತ್ತದೆ, ಆದ್ದರಿಂದ ನಿಲ್ಲಿಸುವ ವಿಷಯದಲ್ಲಿ ನಿಮ್ಮ ಗಾಡಿಗೂ ಸಾಮಾನ್ಯ ಕಾರಿಗೂ ವ್ಯತ್ಯಾಸವಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಣಗಿದ ಡಾಂಬರಿನ ಮೇಲೆ ಬ್ರೇಕ್ ಒತ್ತಿದ ಮೇಲೆ 8ರಿಂದ 9 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ, ಟೈರಿಗೂ ನೆಲಕ್ಕೂ ನಡುವಿನ ಹಿಡಿತವನ್ನು ಸೂಚಿಸುವ ಘರ್ಷಣೆಯ ಪ್ರಮಾಣವನ್ನು 0.2 ಎಂದು ಹಿಡಿದರೆ ಅದೇ ಕಾರಿಗೆ ಸುಮಾರು 30 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ ಇಳಿದರೆ 60 ಮೀಟರ್ ದಾಟುತ್ತದೆ. ಚಾಲಕನು ಎಚ್ಚೆತ್ತು ಬ್ರೇಕಿನ ಮೇಲೆ ಕಾಲಿಡುವವರೆಗಿನ ದೂರ ಈ ಲೆಕ್ಕದಲ್ಲಿಲ್ಲ. ಆಲ್ ವೀಲ್ ಡ್ರೈವಿನ ಅಪಾಯವೂ ಇಲ್ಲೇ ಇದೆ. ಎರಡು ಗಾಲಿ ಎಳೆಯುವ ಗಾಡಿಯಾದರೆ ಹೊರಡುವಾಗಲೇ ಗಾಲಿ ಸುತ್ತಿ, ರಸ್ತೆ ಎಷ್ಟು ಜಾರುತ್ತಿದೆ ಎಂಬುದನ್ನು ತಿಳಿಸಿಬಿಡುತ್ತದೆ. ನಿಮ್ಮ ಗಾಡಿಯಲ್ಲಿ ಅದು ಗೊತ್ತಾಗುವುದು ಮೊದಲ ಇಳಿಜಾರಿನ ತಿರುವಿನಲ್ಲಿ. ಗಾಡಿಯಲ್ಲಿ ಹಿಮಕ್ಕೆಂದೇ ಇರುವ ಸ್ನೋ ಮೋಡ್ ಆಕ್ಸಿಲರೇಟರಿನ ಚುರುಕನ್ನು ತಗ್ಗಿಸುತ್ತದೆ, ಶಕ್ತಿಯನ್ನು ಹದವಾಗಿ ಹಂಚುತ್ತದೆ, ಆದರೆ ರಬ್ಬರಿಗೆ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ಇನ್ನು ಮಡ್ ಟೈರಿನ ಮಾತು. ಎರೆ ಹೊಲದ ದಾರಿಯಲ್ಲಿ ಮಳೆ ಬಿದ್ದ ಮೇಲೆ ಗಾಡಿ ಓಡಿಸಿದ ನಮ್ಮ ಭಾಗದವರಿಗೆಲ್ಲ ಈ ಯೋಚನೆ ಬರುವುದು ಸಹಜ. ಎರೆಮಣ್ಣು ಸಾದಾ ಟೈರಿಗೆ ಮೆತ್ತಿಕೊಂಡು ಗೆರೆಗಳನ್ನೆಲ್ಲ ಮುಚ್ಚಿಬಿಡುವುದರಿಂದ, ಅಲ್ಲಿ ದೊಡ್ಡ ಗಟ್ಟಿಗಳೂ ಅಗಲವಾದ ಸಂದುಗಳೂ ಇರುವ, ರಾಡಿಯನ್ನು ಹೊರಕ್ಕೆ ಎಸೆಯುವ ಟೈರು ಬೇಕು. ಹಿಮದ ಟೈರಿನ ಕೆಲಸ ಇದಕ್ಕೆ ತಿರುಗಾಮುರುಗ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ. ಆದ್ದರಿಂದ ಒಳ್ಳೆಯ ಹಿಮದ ಟೈರು ತನ್ನ ಸಂದುಗಳಲ್ಲಿ ಹಿಮವನ್ನು ಒತ್ತಿ ಹಿಡಿದುಕೊಂಡು, ಅದರಿಂದಲೇ ರಸ್ತೆಯ ಹಿಮವನ್ನು ಕಚ್ಚುತ್ತದೆ. ಜೊತೆಗೆ ಪ್ರತಿ ಗಟ್ಟಿಯ ಮೇಲೂ ಬ್ಲೇಡಿನಿಂದ ಕೊಯ್ದಂತಹ ಸಣ್ಣ ಅಂಕುಡೊಂಕು ಸೀಳುಗಳಿರುತ್ತವೆ. ಭಾರ ಬಿದ್ದಾಗ ಅವು ಬಾಯಿಬಿಟ್ಟು, ನೂರಾರು ಅಂಚುಗಳಿಂದ ನೆಲವನ್ನು ಹಿಡಿಯುತ್ತವೆ. ಮಡ್ ಟೈರಿನಲ್ಲಿ ಈ ಸೀಳುಗಳು ತೀರ ಕಡಿಮೆ, ರಬ್ಬರೂ ಬಿರುಸು. ಆಳವಾದ ಹೊಸ ಹಿಮದಲ್ಲಿ ಅದು ತೋಡಿಕೊಂಡು ಹೋಗಬಹುದು, ಆದರೆ ಪ್ರವಾಸಿಗರ ಗಾಡಿಗಳೇ ತುಳಿದು ನುಣುಪಾಗಿಸಿದ ರಸ್ತೆಯಲ್ಲಿ ನಿಮ್ಮ ಈಗಿನ ಟೈರಿಗಿಂತಲೂ ಕಡೆಯಾದೀತು. ಆ ಖರ್ಚು ಮಾಡಬೇಡಿ.

ರಬ್ಬರಿನ ಗುಣದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಮಾರುವ ಸಾಮಾನ್ಯ ಟೈರುಗಳನ್ನು ಕಾದ ರಸ್ತೆಗೆಂದೇ ಮಾಡಿರುತ್ತಾರೆ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಂತೆ ಅವುಗಳ ರಬ್ಬರು ಬಿಗಿಯುತ್ತ ಹೋಗುತ್ತದೆ. ಚಳಿಗಾಲದ ಟೈರಿನ ಮಿಶ್ರಣ ಸೊನ್ನೆಗಿಂತ ಕೆಳಗೂ ಮೆತ್ತಗೆ ಉಳಿಯುತ್ತದೆ, ಆದರೆ ಅದೇ ಮೆತುತನದಿಂದಾಗಿ ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಹೋಗುವಾಗ ಎರಡು ಸಾವಿರ ಕಿ.ಮೀ.ಗೂ ಮಿಕ್ಕಿ, ಬರುವಾಗ ಮತ್ತಷ್ಟೇ ಹೆದ್ದಾರಿ ಓಡಿಸುವ ನಿಮಗೆ, ಕೊನೆಯ ಹತ್ತಾರು ಕಿ.ಮೀ. ಹಿಮಕ್ಕಾಗಿ ಅಪ್ಪಟ ಚಳಿಗಾಲದ ಟೈರು ತರಿಸಿಕೊಳ್ಳಿ ಎಂದು ನಾನು ಹೇಳಲಾರೆ. ಕೆನಡಾದಲ್ಲೋ ಜರ್ಮನಿಯಲ್ಲೋ ಇರುವವರಿಗಾದರೆ ಎರಡನೆಯ ಮಾತಿಲ್ಲದೆ ಅದನ್ನೇ ಹೇಳುತ್ತಿದ್ದೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನಿನಿಂದಲೇ ಕಡ್ಡಾಯ.

ನಿಮ್ಮ ಟೈರುಗಳು ಹೇಗೂ ಬದಲಿಸುವ ಹಂತಕ್ಕೆ ಬಂದಿದ್ದರೆ ಮಧ್ಯದ ದಾರಿಯೊಂದಿದೆ. ಟೈರಿನ ಬದಿಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. ಹಿಮದ ಮೇಲಿನ ಎಳೆತದ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದ ಟೈರಿಗೆ ಮಾತ್ರ ಆ ಗುರುತು ಸಿಗುತ್ತದೆ. ಅಂಗಡಿಯವರು ‘ಎಂ ಪ್ಲಸ್ ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂಬ ಅಕ್ಷರಗಳನ್ನು ತೋರಿಸಿ ಇದೂ ಹಿಮದ ಟೈರೇ ಎನ್ನಬಹುದು. ಅದು ಟ್ರೆಡ್ಡಿನ, ಅಂದರೆ ಟೈರಿನ ನೆಲಕ್ಕೆ ತಾಗುವ ಗೆರೆಗಳುಳ್ಳ ಭಾಗದ, ವಿನ್ಯಾಸವನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು, ಅದಕ್ಕೆ ಪರೀಕ್ಷೆಯ ಹಂಗಿಲ್ಲ. ಯೊಕೊಹಾಮಾ ಜಿಯೊಲ್ಯಾಂಡರ್ ಎಟಿ ಜಿ015, ಬಿಎಫ್ ಗುಡ್‌ರಿಚ್ ಕೆಒ2 ಇಂತಹ ಆಲ್ ಟೆರೇನ್ (ಎಲ್ಲ ಬಗೆಯ ನೆಲಕ್ಕೂ ಮಾಡಿದ) ಟೈರುಗಳಲ್ಲಿ ಬೆಟ್ಟದ ಗುರುತು ಇರುತ್ತದೆಯಾದರೂ, ನಿಮ್ಮ 215/60 ಆರ್17 ಅಳತೆಯಲ್ಲಿ ಸಿಗುವ ಟೈರಿನ ಮೇಲೆ ಅದು ಇದೆಯೇ ಎಂದು ಕಣ್ಣಾರೆ ನೋಡಿಯೇ ಹಣ ಕೊಡಿ. ಅಳತೆಯನ್ನಾಗಲಿ, ಟೈರು ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಹೇಳುವ ಭಾರದ ಸೂಚ್ಯಂಕವನ್ನಾಗಲಿ ಕೆಳಗಿಳಿಸಬೇಡಿ. ಗುರುತಿದ್ದರೂ ಅದು ಹಿಮಕ್ಕೆ ಸಂಬಂಧಿಸಿದ್ದೇ ಹೊರತು ಮಂಜುಗಡ್ಡೆಗಲ್ಲ ಎಂಬುದು ನೆನಪಿರಲಿ.

ಬದಲಿಸದೆ ಇರುವುದಾದರೆ ಈಗಿನ ಟೈರುಗಳನ್ನು ಬಿಸಿಲಿಗೆ ನಿಲ್ಲಿಸಿ ಒಂದೊಂದಾಗಿ ನೋಡಿ. ಹೊಸ ಟೈರಿನ ಟ್ರೆಡ್ ಸುಮಾರು 8 ಮಿ.ಮೀ. ಆಳವಿರುತ್ತದೆ. ಕಾನೂನು 1.6 ಮಿ.ಮೀ. ತನಕ ಬಿಡುತ್ತದೆ, ಆದರೆ ಹಿಮಕ್ಕೆ 4 ಮಿ.ಮೀ.ಗಿಂತ ಕಡಿಮೆಯಾದದ್ದು ಕೆಲಸಕ್ಕೆ ಬಾರದು. ಪಕ್ಕದಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು 2620 ಎಂದಿದ್ದರೆ ಅದು 2020ರ 26ನೆಯ ವಾರದ ಸರಕು. ರಾಯಚೂರು ಸೀಮೆಯ ಬೇಸಿಗೆಗಳನ್ನು ಕಂಡ ಟೈರು ಮೇಲ್ನೋಟಕ್ಕೆ ದಪ್ಪಗಿದ್ದರೂ ಒಳಗೆ ಸತ್ವ ಕಳೆದುಕೊಂಡಿರುತ್ತದೆ. ಟ್ರೆಡ್ಡಿನ ಗಟ್ಟಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ತೆಗೆಯಿರಿ. ಗೆರೆ ಮೂಡಿ ನಿಧಾನವಾಗಿ ಮಾಯವಾದರೆ ಜೀವವಿದೆ, ಉಗುರು ಜಾರಿದರೆ ಮತ್ತು ಗೆರೆಗಳ ಬುಡದಲ್ಲಿ ಕೂದಲೆಳೆಯಂತಹ ಬಿರುಕು ಕಂಡರೆ ಅದನ್ನು ಬೆಟ್ಟಕ್ಕೆ ಒಯ್ಯಬೇಡಿ.

ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಒಂದೇ ಮಾದರಿಯವನ್ನೇ ಹಾಕಿಸಿ. ಮುಂದೆ ಹೊಸವು, ಹಿಂದೆ ಸವೆದವು ಇದ್ದರೆ ಸುತ್ತಳತೆಯಲ್ಲಿ ವ್ಯತ್ಯಾಸವಾಗಿ, ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಬೆಸೆಯುವ ಕಪ್ಲಿಂಗ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಮೇಲಾಗಿ ಜಾರುವ ತಿರುವಿನಲ್ಲಿ ಗಾಡಿಯ ಹಿಂಬದಿ ಹೊರಕ್ಕೆ ತೂರಿಕೊಳ್ಳುತ್ತದೆ.

ಯಾವ ಟೈರ್ ಇದ್ದರೂ ಸ್ನೋ ಚೈನ್, ಅಂದರೆ ಹಿಮದಲ್ಲಿ ಹಿಡಿತಕ್ಕಾಗಿ ಟೈರಿನ ಸುತ್ತ ಕಟ್ಟುವ ಸರಪಳಿ, ಒಯ್ಯಲೇಬೇಕು. ಹಿಮ ಬಿದ್ದ ದಿನಗಳಲ್ಲಿ ಸೋಲಂಗ್ ಕಡೆಯಿಂದ ಸುರಂಗದತ್ತ ನಾಲ್ಕು ಗಾಲಿ ಎಳೆಯುವ ಗಾಡಿಗಳನ್ನು ಇಲ್ಲವೇ ಚೈನ್ ಕಟ್ಟಿದವನ್ನು ಮಾತ್ರ ಪೊಲೀಸರು ಬಿಡುವುದು ರೂಢಿ. ಮನಾಲಿಯಲ್ಲಿ ಚೈನ್ ಬಾಡಿಗೆಗೆ ಸಿಗುತ್ತದಾದರೂ ನಿಮ್ಮ ಅಳತೆಯದನ್ನೇ ಮೊದಲೇ ಕೊಂಡು, ಮನೆಯ ಅಂಗಳದ ಮಣ್ಣಿನಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ನೋಡುವುದು ಮೇಲು; ಬೆರಳು ಮರಗಟ್ಟುವ ಚಳಿಯಲ್ಲಿ ಕೊಂಡಿ ಹುಡುಕುತ್ತ ಕೂರುವುದು ಕಷ್ಟ. ಒಂದೇ ಜೊತೆ ಇದ್ದರೆ ಯಾವ ಗಾಲಿಗೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ. ಮೂಲತಃ ಮುಂದಿನ ಗಾಲಿ ಎಳೆಯುವ ನಿಮ್ಮಂತಹ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆಯೇ ಕಟ್ಟುತ್ತಾರೆ. ಕಟ್ಟಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿಯಿರಿ, ಗಂಟೆಗೆ 50 ಕಿ.ಮೀ. ಮೀರಬೇಡಿ, ಬರಿಯ ಡಾಂಬರು ಬಂದ ಕೂಡಲೇ ಬಿಚ್ಚಿ. ಮಣ್ಣೊರೆಸಲು, ಮೊಣಕಾಲೂರಲು ಒಂದು ಗೋಣಿಚೀಲವನ್ನೂ ಡಿಕ್ಕಿಯಲ್ಲಿ ಹಾಕಿಕೊಳ್ಳಿ.

ಗಾಳಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಉಷ್ಣಾಂಶ 5ರಿಂದ 6 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಸಿಂಧನೂರಿನ ಹಗಲಿನ 30 ಡಿಗ್ರಿಯಿಂದ ಸಿಸ್ಸುವಿನ ಮೈನಸ್ 10ಕ್ಕೆ ಹೋದರೆ ಸುಮಾರು 7 ಪಿಎಸ್‌ಐ ಕಡಿತ. ಇತ್ತ ಸುರಂಗ ಇರುವುದು 3,000 ಮೀಟರಿಗೂ ಎತ್ತರದಲ್ಲಿ. ಹೊರಗಿನ ಗಾಳಿ ತೆಳುವಾಗುವುದರಿಂದ ಗೇಜಿನಲ್ಲಿ ಸುಮಾರು 4 ಪಿಎಸ್‌ಐ ಹೆಚ್ಚು ತೋರುತ್ತದೆ. ಎರಡೂ ಒಂದನ್ನೊಂದು ಸ್ವಲ್ಪ ಸರಿದೂಗಿಸಿದರೂ ಊರಿನಲ್ಲಿ ತುಂಬಿಸಿದ ಲೆಕ್ಕವನ್ನು ನಂಬದೆ, ಅಲ್ಲಿ ಬೆಳಿಗ್ಗೆ ಗಾಡಿ ಹೊರಡುವ ಮೊದಲು ಅಳೆದು, ಬಾಗಿಲಿನ ಚೀಟಿಯಲ್ಲಿರುವ ಮಟ್ಟಕ್ಕೆ ತನ್ನಿ. ರಾಡಿಯಲ್ಲಿ ಗಾಳಿ ಇಳಿಸುವಂತೆ ಇಲ್ಲಿ ಇಳಿಸುವ ಅಗತ್ಯವಿಲ್ಲ.

ಮಂಜುಗಡ್ಡೆ ಕಟ್ಟಿದ ದಿನ, ಅಂದರೆ ಹಗಲು ಕರಗಿದ ನೀರು ಸಂಜೆ ಮತ್ತೆ ಹೆಪ್ಪುಗಟ್ಟಿ ಸೇತುವೆಗಳ ಮೇಲೂ ನೆರಳಿನ ತಿರುವುಗಳಲ್ಲೂ ರಸ್ತೆ ಬರೀ ಒದ್ದೆಯಾದಂತೆ ಕಾಣುವಾಗ, ಕಾರನ್ನು ಮನಾಲಿಯಲ್ಲೇ ಬಿಟ್ಟು ಅಲ್ಲಿನವರ ಟ್ಯಾಕ್ಸಿ ಹಿಡಿಯಿರಿ. ಸದ್ಯಕ್ಕೆ ನಾಲ್ಕೂ ಟೈರುಗಳ ತಯಾರಿಕೆಯ ಅಂಕಿ ಕಾಣುವ ಫೋಟೊ ಮತ್ತು ಪಂಕ್ಚರ್ ಅಂಗಡಿಯಲ್ಲಿ ಅಳೆಸಿದ ಟ್ರೆಡ್ಡಿನ ಆಳವನ್ನು ಇಲ್ಲೇ ಹಾಕಿ. ಬದಲಿಸಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.