ಟಿಪ್ಪುವಿನ ಶಯನಗೃಹದ ಖಡ್ಗ ಬ್ರಿಟಿಷ್ ಅಧಿಕಾರಿಗೆ ಸಿಕ್ಕಿದ್ದು ಹೇಗೆ?

ಬ್ರಿಟಿಷ್ ಸೇನೆಯೇ ಅದನ್ನು ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಬಹುಮಾನವಾಗಿ ಕೊಟ್ಟಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಆತನೇ. ಟಿಪ್ಪು ಮಡಿದ ಮೇಲೆ ಅರಮನೆಯಲ್ಲಿ ಸಿಕ್ಕ ಈ ಖಡ್ಗದ ಅಲಗಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ‘ಅರಸನ ಖಡ್ಗ’ ಎಂಬ ಅರ್ಥದ ಬರಹವಿದೆ. ಹಿಡಿಯ ಮೇಲೂ ಚಿನ್ನದ ಕುಸುರಿ.

ನನಗೆ ಖಡ್ಗಕ್ಕಿಂತ ಬೇರ್ಡ್‌ನ ಕಥೆಯೇ ಹೆಚ್ಚು ಕಾಡುತ್ತದೆ. ಹೈದರಾಲಿ ಮತ್ತು ಟಿಪ್ಪುವಿನ ಪಡೆಗಳ ವಿರುದ್ಧದ 1780ರ ಪೊಲ್ಲಿಲೂರು ಕಾಳಗದಲ್ಲಿ ಗಾಯಗೊಂಡು ಸೆರೆಸಿಕ್ಕ ಆತ ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದ. ಅದೇ ಕೋಟೆಯನ್ನು ಗೆದ್ದುಕೊಟ್ಟರೂ ಪಟ್ಟಣದ ಅಧಿಕಾರ ಹೋದದ್ದು ತನಗಿಂತ ಕಿರಿಯ ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ. ಆ ನೋವನ್ನು ಬೇರ್ಡ್ ಮುಚ್ಚಿಡಲಿಲ್ಲ.

ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡ್‌ಗೆ ಮಾರಾಟವಾಯಿತು.