ಗಲ್ಲಾಪೆಟ್ಟಿಗೆ ಇಲ್ಲದ ಅಂಗಡಿ: ಚರ್ಚ್ ಫುಡ್ ಪ್ಯಾಂಟ್ರಿ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಅಮೆರಿಕದ ಚರ್ಚ್‌ಗಳ ಫುಡ್ ಪ್ಯಾಂಟ್ರಿ ಬಗ್ಗೆ ಎರಡು ಮಾತು ಬರೆದಿದ್ದೆ. ಅಕ್ಕಿ, ಬೀನ್ಸ್, ಹಾಲು, ತರಕಾರಿ ಹೀಗೆ ಮನೆಗೆ ಬೇಕಾದ ದಿನಸಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಡುವ ಜಾಗ ಅದು. ಸಾಮಾನ್ಯವಾಗಿ ಚರ್ಚ್‌ನ ನೆಲಮಾಳಿಗೆಯಲ್ಲೋ ಹಿಂದಿನ ಹಾಲ್‌ನಲ್ಲೋ ಇರುತ್ತದೆ. ಅಂಥದ್ದೊಂದನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಬರೆದಿದ್ದೇ ತಡ, ಪ್ರಶ್ನೆಗಳು ಬಂದು ಬಿದ್ದಿವೆ. ಕೆಲವಕ್ಕೆ ಉದ್ದದ ಉತ್ತರ, ಕೆಲವಕ್ಕೆ ಎರಡೇ ಸಾಲು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ನಮ್ಮ ಕನ್ನಡ ಸಭೆ ಒಂದು ಅಮೆರಿಕನ್ ಚರ್ಚ್‌ನ ಕಟ್ಟಡದಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತದೆ. ಅಲ್ಲಿ ಪುಟ್ಟ ಪ್ಯಾಂಟ್ರಿ ಇದೆ. ಎರಡು ಕಪಾಟು, ಒಂದು ಹಳೇ ಫ್ರಿಜ್, ಅಷ್ಟೇ. ನೋಡಿಕೊಳ್ಳುತ್ತಿದ್ದ ಅಜ್ಜಿ ಮಗಳ ಊರಿಗೆ ಹೋಗಿಬಿಟ್ಟರು. ಪಾಸ್ಟರ್ ಕೇಳಿದರು ಅಂತ ನಾನು ಒಪ್ಪಿಕೊಂಡೆ. ಎಲ್ಲಿಂದ ಶುರು ಮಾಡಲಿ? ಲೈಸೆನ್ಸ್ ಬೇಕಾ? ಜನ ಕೊಟ್ಟ ಡಬ್ಬಿಗಳಲ್ಲೇ ನಡೆಯುತ್ತಾ?
(ಹೆಸರು ಬೇಡ, ಓಹಾಯೋ)

ಉತ್ತರ: ಇದು ದಿನಸಿ ಅಂಗಡಿ ನಡೆಸುವ ಕೆಲಸ ಕಣಮ್ಮ, ಗಲ್ಲಾಪೆಟ್ಟಿಗೆ ಮಾತ್ರ ಇಲ್ಲ. ಸ್ಟಾಕ್, ಫ್ರಿಜ್, ಇಲಿ, ಬರ್ತೀನಿ ಅಂತ ಹೇಳಿ ಬಾರದ ವಾಲಂಟಿಯರ್, ಎಲ್ಲ ಇದೆ. ಒಳ್ಳೆ ಮನಸ್ಸಿನವರು ಬೇಕಾದಷ್ಟು ಸಿಗುತ್ತಾರೆ. ವಾರದ ಮಧ್ಯೆ ಬೆಳಗ್ಗೆ ಎಂಟು ಗಂಟೆಗೆ ಬಂದು ಟ್ರಕ್‌ನಿಂದ ಪೆಟ್ಟಿಗೆ ಇಳಿಸುವವರು ಸಿಗುವುದೇ ಕಷ್ಟ. ಅಂಥವರನ್ನು ಮೊದಲು ಹುಡುಕಿಕೊಳ್ಳಿ.

ಜನ ಕೊಟ್ಟ ಡಬ್ಬಿಗಳಲ್ಲೇ ನಡೆಯಲ್ಲ. ಕ್ರಿಸ್‌ಮಸ್‌ಗೆ ಕಪಾಟು ತುಂಬಿ ತುಳುಕುತ್ತದೆ, ಫೆಬ್ರವರಿಗೆ ಮೂರು ಡಬ್ಬಿ ಜೋಳ ಉಳಿದಿರುತ್ತದೆ. ನಿಮ್ಮ ಭಾಗದ ಫುಡ್ ಬ್ಯಾಂಕ್‌ಗೆ ಇವತ್ತೇ ಫೋನ್ ಮಾಡಿ. ಪ್ಯಾಂಟ್ರಿಗಳಿಗೆಲ್ಲ ಸಗಟಾಗಿ ಸಾಮಾನು ಹಂಚುವವರು ಅವರೇ. ಫೀಡಿಂಗ್ ಅಮೆರಿಕ ಅನ್ನುವ ಜಾಲದಲ್ಲಿ ಇಂಥವು ದೇಶದಾದ್ಯಂತ ಸುಮಾರು 200 ಇವೆ. ಈ ಏರ್ಪಾಟು ಶುರುವಾದದ್ದೂ ಒಂದು ಚರ್ಚ್‌ನ ನೆರಳಲ್ಲೇ. ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಅನ್ನುವವರು ಬಡವರಿಗೆ ಊಟ ಹಾಕುವ ಕಡೆ ಸೇವೆ ಮಾಡುತ್ತಿದ್ದರು. ಅಂಗಡಿಯವರು ಹಿಂದೆ ಎಸೆದ ಸಾಮಾನನ್ನೇ ಆರಿಸಿ ತಂದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ ಅವರಿಗೆ ಸಿಕ್ಕರು. ಎಸೆಯುವ ಬದಲು ಒಂದು ಕಡೆ ಕೂಡಿಡಬಹುದಲ್ಲ ಅನ್ನುವ ಯೋಚನೆ ಆಕೆಯಿಂದಲೇ ಬಂತು. ಸೇಂಟ್ ಮೇರೀಸ್ ಚರ್ಚ್‌ನವರು ಒಂದು ಪಾಳು ಕಟ್ಟಡ ಮತ್ತು 3,000 ಡಾಲರ್ ಕೊಟ್ಟರು. ಅದು 1967. ಮೊದಲ ವರ್ಷವೇ 2.75 ಲಕ್ಷ ಪೌಂಡ್ ಸಾಮಾನು ಹಂಚಿದರು. ಹಾಗಾಗಿ ಎರಡೇ ಕಪಾಟು ಅಂತ ಸಂಕೋಚ ಪಡಬೇಡಿ.

ಫುಡ್ ಬ್ಯಾಂಕ್‌ಗೆ ಸೇರಲು ಏನು ಬೇಕು? ತೆರಿಗೆ ವಿನಾಯಿತಿ ಇರುವ ಸಂಸ್ಥೆ ಆಗಿರಬೇಕು. ಚರ್ಚ್‌ಗಳಿಗೆ ಅದು ತಾನಾಗಿಯೇ ಇರುತ್ತದೆ, ಬೇರೆ ಟ್ರಸ್ಟ್ ಮಾಡಬೇಕಿಲ್ಲ. ಆದರೆ ಕಟ್ಟಡದ ಒಡೆಯರು ಆ ಅಮೆರಿಕನ್ ಸಭೆಯವರು ಅಲ್ವಾ? ಅರ್ಜಿ ಅವರ ಹೆಸರಲ್ಲೇ ಹೋಗಲಿ. ಆಮೇಲೆ ಯಾರಾದರೂ ಬಂದು ಜಾಗ ನೋಡುತ್ತಾರೆ. ಫ್ರಿಜ್ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ಹೋಗಬಾರದು, ಫ್ರೀಜರ್ 0 ಡಿಗ್ರಿಯಲ್ಲಿರಬೇಕು. ಒಳಗೊಂದು ಥರ್ಮಾಮೀಟರ್ ಇಟ್ಟು, ನೋಡಿದಾಗಲೆಲ್ಲ ಬರೆದಿಡಬೇಕು. ಪೆಟ್ಟಿಗೆಗಳು ನೆಲದಿಂದ ಆರು ಇಂಚು ಮೇಲಿರಬೇಕು. ಒಬ್ಬರಾದರೂ ಆಹಾರ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಪ್ರತಿ ತಿಂಗಳು ಎಷ್ಟು ಮನೆಯವರು ಬಂದರು ಅಂತ ಲೆಕ್ಕ ಕೊಡಬೇಕು. ಕೆಲವು ಫುಡ್ ಬ್ಯಾಂಕ್‌ಗಳು ಸಾಗಣೆ ಖರ್ಚಿಗೆ ಪೌಂಡ್‌ಗೆ ಇಷ್ಟು ಸೆಂಟ್ ಅಂತ ತೆಗೆದುಕೊಳ್ಳುತ್ತವೆ, ಅದನ್ನು ಮೊದಲೇ ಕೇಳಿ. ದೊಡ್ಡ ಅಕ್ಕಿ ಮೂಟೆ ಬಿಚ್ಚಿ ಸಣ್ಣ ಚೀಲಕ್ಕೆ ತುಂಬುವ ಯೋಚನೆ ಇದ್ದರೂ ಕೇಳಿಯೇ ಮಾಡಿ, ಅದಕ್ಕೆ ನಿಯಮ ಬೇರೆ. ಲೈಸೆನ್ಸ್ ವಿಚಾರ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ, ಇದನ್ನೂ ಅವರೇ ಹೇಳುತ್ತಾರೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಎಲ್ಲರಿಗೂ ಒಂದೇ ಥರ ಕಟ್ಟಿಟ್ಟ ಚೀಲ ಕೊಡಬೇಡಿ. ಬಂದವರೇ ಆರಿಸಿಕೊಳ್ಳಲಿ. ಶುಗರ್ ಇರುವವರಿಗೆ ಸಕ್ಕರೆ ಪಾಕದ ಪೀಚ್ ಡಬ್ಬಿ ಕೊಟ್ಟು ಏನು ಪ್ರಯೋಜನ? ಮೋಟೆಲ್‌ನಲ್ಲಿ, ಕಾರಲ್ಲಿ ದಿನ ದೂಡುತ್ತಿರುವವರಿಗೆ ಒಲೆಯೇ ಇಲ್ಲ, ಒಣ ಬೀನ್ಸ್ ತೆಗೆದುಕೊಂಡು ಏನು ಮಾಡಬೇಕು? ಮೂರು ಜನರ ಮನೆಗೆ ಧಾನ್ಯ ಎರಡು, ಡಬ್ಬಿ ನಾಲ್ಕು ಅಂತ ಮಿತಿ ಬರೆದು ಅಂಟಿಸಿ, ಒಳಗೆ ಬಿಡಿ. ಜಾಗ ಸಾಲದಿದ್ದರೆ ಟಿಕ್ ಹಾಕುವ ಪಟ್ಟಿ ಕೊಡಿ. ಬೇಡದ್ದನ್ನು ಜನ ತಾವೇ ಬಿಟ್ಟು ಹೋಗುತ್ತಾರೆ, ಕಸದ ಬುಟ್ಟಿಗೆ ಬೀಳುವುದು ಕಡಿಮೆಯಾಗುತ್ತದೆ.

ಕಾಲದ ಲೆಕ್ಕವನ್ನೂ ಇಟ್ಟುಕೊಳ್ಳಿ. ನವೆಂಬರ್‌ನಲ್ಲಿ ಸ್ಕೌಟ್ ಮಕ್ಕಳು ಮನೆ ಮನೆಗೆ ಹೋಗಿ ತರುತ್ತಾರೆ. ಮೇ ತಿಂಗಳ ಎರಡನೇ ಶನಿವಾರ ಅಂಚೆಯವರೇ ಸಾಮಾನು ಒಟ್ಟುಮಾಡುತ್ತಾರೆ. ಕಷ್ಟ ಬರುವುದು ಜುಲೈನಲ್ಲಿ. ಶಾಲೆಗೆ ರಜೆ, ಮಕ್ಕಳಿಗೆ ಅಲ್ಲಿ ಸಿಗುತ್ತಿದ್ದ ಊಟ ನಿಂತಿರುತ್ತದೆ. ಕೊಡುವವರೆಲ್ಲ ಊರಲ್ಲೇ ಇರುವುದಿಲ್ಲ. ಸಭೆಯವರು ಏನು ತರಲಿ ಅಂತ ಕೇಳಿದರೆ ಸೋಪು, ಡೈಪರ್, ಪ್ಯಾಡ್ ಅನ್ನಿ. ಬಡವರಿಗೆ ಸರ್ಕಾರ ಕೊಡುವ ಸ್ನ್ಯಾಪ್ ಕಾರ್ಡ್‌ನಲ್ಲಿ ಇವು ಯಾವುದನ್ನೂ ಕೊಳ್ಳಲು ಬರುವುದಿಲ್ಲ.

ಪ್ರಶ್ನೆ: ನಾನು ಎಚ್‌4 ವೀಸಾದಲ್ಲಿದ್ದೇನೆ, ಅಂದರೆ ಮನೆಯವರ ಕೆಲಸದ ವೀಸಾ ಮೇಲೆ ಜೊತೆಗೆ ಬಂದಿದ್ದೇನೆ, ನನಗೆ ಸಂಬಳದ ಕೆಲಸ ಮಾಡಲು ಅನುಮತಿ ಇಲ್ಲ. ಪಕ್ಕದ ಚರ್ಚ್‌ನ ಪ್ಯಾಂಟ್ರಿಯಲ್ಲಿ ಸಹಾಯ ಮಾಡಬಹುದಾ? ನಾವು ಹಿಂದೂಗಳು. ನಮ್ಮತ್ತೆ "ಮತಾಂತರ ಮಾಡಿಬಿಡ್ತಾರೆ, ಹುಷಾರು" ಅಂತಾರೆ.
(ಹೆಸರು ಬೇಡ, ಟೆಕ್ಸಾಸ್)

ಉತ್ತರ: ಹೋಗಿ. ಎಲ್ಲರೂ ಸಂಬಳವಿಲ್ಲದೆ ಬಂದು ಮಾಡುವ ಸೇವೆಗೆ ಸಾಮಾನ್ಯವಾಗಿ ವೀಸಾ ಅಡ್ಡ ಬರುವುದಿಲ್ಲ. ಆದರೆ ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡುವುದು ಬೇಡ, ಆಫೀಸಿನ ಲೆಕ್ಕಪತ್ರ ಬರೆಯುವ ಥರದ್ದು. ಕೆಲಸಕ್ಕೆ ಬದಲಾಗಿ ಗಿಫ್ಟ್ ಕಾರ್ಡ್ ಕೊಟ್ಟರೂ ಬೇಡ ಅನ್ನಿ. ಅನುಮಾನ ಬಂದರೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ. ಇನ್ನು ನಿಮ್ಮತ್ತೆಯವರಿಗೆ ಹೇಳಿ: ನಮ್ಮಲ್ಲಿ ತರಕಾರಿ ಟೇಬಲ್ ನೋಡಿಕೊಳ್ಳುವ ಇಬ್ಬರಲ್ಲಿ ಒಬ್ಬರು ಮುಸ್ಲಿಂ, ಇನ್ನೊಬ್ಬರು ದೇವರೇ ಇಲ್ಲ ಅನ್ನುವವರು. ಮತಾಂತರಕ್ಕೆ ಪುರುಸೊತ್ತಾದರೂ ಎಲ್ಲಿದೆ, ಬಾಗಿಲು ತೆಗೆಯುವ ಹೊತ್ತಾದರೂ ಕೊಳೆತ ಆಲೂಗಡ್ಡೆ ಆರಿಸಿ ಮುಗಿದಿರುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ತಂದುಕೊಡಲಾ?
(ಒಬ್ಬ ಓದುಗರು, ಕ್ಯಾಲಿಫೋರ್ನಿಯ)

ಉತ್ತರ: ಪ್ಯಾಂಟ್ರಿಗೆ ಬೇಡ, ಮನೆಯಲ್ಲಿ ಮಾಡಿದ್ದನ್ನು ತೆಗೆದುಕೊಳ್ಳುವ ಹಾಗಿಲ್ಲ. ವಾಲಂಟಿಯರ್‌ಗಳಿಗಾದರೆ ಖಂಡಿತ ತನ್ನಿ.

ಪ್ರಶ್ನೆ: ಡಬ್ಬಿ ಮೇಲಿನ ತಾರೀಖು ಮುಗಿದಿದ್ದರೂ ಕೊಡುತ್ತಾರಂತೆ. ಬಡವರು ಅಂದರೆ ಏನು ಬೇಕಾದರೂ ತಿನ್ನಬೇಕಾ? ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾರು ಹೊಣೆ?
(ಒಬ್ಬ ಓದುಗರು, ನ್ಯೂಜೆರ್ಸಿ)

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ "ಬೆಸ್ಟ್ ಬೈ" ತಾರೀಖು ರುಚಿಗೆ ಸಂಬಂಧಿಸಿದ್ದು. ಅದಾದ ಮರುದಿನವೇ ಪಾಸ್ತಾ ವಿಷವಾಗುವುದಿಲ್ಲ. ನಮ್ಮ ಮನೆಯ ಕಪಾಟಲ್ಲೂ ಅಂಥವು ಇವೆ, ನಿಮ್ಮಲ್ಲೂ ಇರುತ್ತವೆ. ಕಟ್ಟುನಿಟ್ಟು ಇರುವುದು ಹಸುಗೂಸಿನ ಫಾರ್ಮುಲಾ ಹಾಲಿನ ಪುಡಿಗೆ. ತಾರೀಖು ಮುಗಿದಿದ್ದರೆ ಕೊಡಲೇಬಾರದು, ಎಷ್ಟೇ ಬೇಡಿಕೆ ಇರಲಿ. ಉಬ್ಬಿದ, ಸೋರುವ, ತುಕ್ಕು ಹಿಡಿದ, ಅಂಚಿನ ಹತ್ತಿರ ಆಳವಾಗಿ ನಗ್ಗಿದ ಡಬ್ಬಿಗಳೂ ನೇರ ಕಸಕ್ಕೆ. ನನ್ನದೊಂದು ಅಳತೆಗೋಲು ಇದೆ: ನನ್ನ ಮಕ್ಕಳಿಗೆ ಹಾಕದ್ದನ್ನು ಕಪಾಟಿಗೆ ಇಡುವುದಿಲ್ಲ. ಹೊಣೆಯ ವಿಚಾರಕ್ಕೆ 1996ರ ಬಿಲ್ ಎಮರ್ಸನ್ ಕಾಯಿದೆ ಇದೆ. ಒಳ್ಳೆ ಉದ್ದೇಶದಿಂದ ಕೊಟ್ಟವರಿಗೂ ಹಂಚಿದವರಿಗೂ ಅದು ರಕ್ಷಣೆ ಕೊಡುತ್ತದೆ. ಗೊತ್ತಿದ್ದೂ ಹಾಳಾದದ್ದನ್ನು ಕೊಟ್ಟರೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ನಾನೂ ವಾಲಂಟಿಯರ್. ಕೆಲವರು ನನ್ನ ಕಾರಿಗಿಂತ ಒಳ್ಳೆ ಕಾರಲ್ಲಿ ಬಂದು ಸಾಮಾನು ಒಯ್ಯುತ್ತಾರೆ. ಸಂಬಳದ ಚೀಟಿ ಕೇಳಬಾರದಾ?
(ಒಬ್ಬ ಓದುಗರು, ವರ್ಜೀನಿಯ)

ಉತ್ತರ: ಕೇಳಬೇಡಿ. ಆ ಕಾರು ಅಣ್ಣನದ್ದಿರಬಹುದು, ಎರಡು ಕಂತು ಬಾಕಿ ಇರಬಹುದು. ಬಸ್ಸಿಲ್ಲದ ಊರಲ್ಲಿ ಕಾರು ಮಾರಿದರೆ ಇರುವ ಕೆಲಸವೂ ಹೋಗುತ್ತದೆ. 2025ರ ಕೊನೆಯಲ್ಲಿ ಫೆಡರಲ್ ಸರ್ಕಾರ ಬಂದ್ ಆಗಿ ನೌಕರರ ಸಂಬಳ ನಿಂತಿತ್ತು, ನವೆಂಬರ್‌ನಲ್ಲಿ ಸ್ನ್ಯಾಪ್ ಹಣವೂ ತಡವಾಯಿತು. ನಿಮ್ಮ ರಾಜ್ಯದಲ್ಲಿ ಫೆಡರಲ್ ನೌಕರರು ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಅವರ ಕಾರುಗಳೆಲ್ಲ ಚೆನ್ನಾಗೇ ಇದ್ದವು. ಸರ್ಕಾರದಿಂದ ಬರುವ ಸಾಮಾನಿಗೂ ಹಲವು ರಾಜ್ಯಗಳಲ್ಲಿ ತಮ್ಮ ಆದಾಯ ಇಷ್ಟರೊಳಗಿದೆ ಅಂತ ಅವರೇ ಹೇಳಿ ಒಂದು ಸಹಿ ಹಾಕಿದರೆ ಸಾಕು. ಸುಳ್ಳು ಹೇಳಿ ಒಯ್ಯುವವರು ಇಲ್ಲವೇ? ಇದ್ದಾರೆ. ಅವರು ಒಯ್ಯುವುದು ಎರಡು ಪೊಟ್ಟಣ ಮ್ಯಾಕರೋನಿ. ಅದನ್ನು ಹಿಡಿಯಲು ಹೋಗಿ ಸಾಲಿನಲ್ಲಿ ನಿಂತವರನ್ನೆಲ್ಲ ವಿಚಾರಣೆ ಮಾಡಿದರೆ, ನಿಜವಾಗಿ ಕಷ್ಟದಲ್ಲಿರುವವರೇ ಮುಂದಿನ ವಾರ ಬರುವುದಿಲ್ಲ.

ಪ್ರಶ್ನೆ: ನಾನು ಎಂಎಸ್ ಮಾಡುತ್ತಿದ್ದೇನೆ. ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯಲ್ಲ. ಪ್ಯಾಂಟ್ರಿಗೆ ಹೋಗಲು ನಾಚಿಕೆ. ಸಸ್ಯಾಹಾರಿ ಬೇರೆ. ಊರಲ್ಲಿ ಅಪ್ಪ ಅಮ್ಮನಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ.
(ಒಬ್ಬ ವಿದ್ಯಾರ್ಥಿ, ಇಂಡಿಯಾನಾ)

ಉತ್ತರ: ಹೊಟ್ಟೆಗೆ ಕಡಿಮೆ ಮಾಡಿಕೊಂಡು ಓದಬೇಡಪ್ಪ. ಮೊದಲು ನಿನ್ನ ಯೂನಿವರ್ಸಿಟಿಯಲ್ಲೇ ಪ್ಯಾಂಟ್ರಿ ಇದೆಯಾ ನೋಡು, ಈಗ ಬಹಳ ಕಡೆ ಇದೆ. ಎಫ್‌1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಸರ್ಕಾರದ ಸ್ನ್ಯಾಪ್ ಸಿಗುವುದಿಲ್ಲ, ಅದಕ್ಕೆ ಅರ್ಜಿ ಹಾಕಬೇಡ. ಚರ್ಚ್‌ನವರು ಜನರ ದೇಣಿಗೆಯಿಂದ ಕೊಡುವುದು ಬೇರೆ. ಯಾರು ಬರಬಹುದು ಅನ್ನುವ ನಿಯಮ ಬಾಗಿಲಲ್ಲೇ ಇರುತ್ತದೆ, ಓದಿಕೊಂಡು ಹೋಗು.

ಲೇಬಲ್ ಓದುವ ಅಭ್ಯಾಸ ಮಾಡಿಕೋ. ರಿಫ್ರೈಡ್ ಬೀನ್ಸ್ ಡಬ್ಬಿಯಲ್ಲಿ "ಲಾರ್ಡ್" ಅಂತ ಇದ್ದರೆ ಅದು ಹಂದಿಕೊಬ್ಬು. ತರಕಾರಿ ಸೂಪ್ ಅಂತಿದ್ದರೂ ಒಳಗೆ ದನದ ಮಾಂಸದ ಸಾರು ಇರಬಹುದು. ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದದ್ದು ಅಕ್ಕಿ, ಓಟ್ಸ್, ಪೀನಟ್ ಬಟರ್, ಕಾಬೂಲಿ ಕಡಲೆ, ಒಣ ಬೀನ್ಸ್. "ಬ್ಲ್ಯಾಕ್ ಐಡ್ ಪೀಸ್" ಅಂತ ಕಂಡರೆ ಬಿಡಬೇಡ, ನಮ್ಮ ಅಲಸಂದೆ ಅದು. ಇಲ್ಲಿಯ ಎಷ್ಟೋ ಜನರಿಗೆ ಒಣ ಕಾಳು ಬೇಯಿಸುವ ಅಭ್ಯಾಸ ಇಲ್ಲ, ಹಾಗಾಗಿ ಅದು ಕಪಾಟಲ್ಲೇ ಕೂತಿರುತ್ತದೆ. ನೀನು ಒಯ್ದರೆ ಯಾರ ತಟ್ಟೆಯಿಂದಲೂ ಕಿತ್ತುಕೊಂಡ ಹಾಗಲ್ಲ. ಒಂದೇ ಒಂದು ಮಾತು: ವಿಡಿಯೋ ಮಾಡಿ ಹಾಕಬೇಡ. ಕೆನಡಾದಲ್ಲಿ "ಪುಕ್ಕಟೆ ದಿನಸಿ ತರೋದು ಹೇಗೆ" ಅಂತ ನಮ್ಮ ದೇಶದವರು ವಿಡಿಯೋ ಹಾಕಿ, 2024ರಲ್ಲಿ ಅದು ದೊಡ್ಡ ರಂಪವಾಗಿ, ನಿಜವಾಗಿ ಕಷ್ಟದಲ್ಲಿದ್ದ ವಿದ್ಯಾರ್ಥಿಗಳೂ ಬೈಸಿಕೊಳ್ಳುವ ಹಾಗಾಯಿತು. ಅಪ್ಪ ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನನ್ನ ಮಗ ಆಗಿದ್ದರೆ ನನಗೆ ಹೇಳಲಿ ಅಂತ ಅನಿಸುತ್ತಿತ್ತು.

ಪ್ರಶ್ನೆ: ಸಾಮಾನು ಕೊಡುವ ಮುಂಚೆ ಐದು ನಿಮಿಷ ಎಲ್ಲರಿಂದ ಪ್ರಾರ್ಥನೆ ಮಾಡಿಸಬೇಕು ಅಂತ ನಮ್ಮ ಸಭೆಯ ಹಿರಿಯರು ಹಟ ಹಿಡಿದಿದ್ದಾರೆ.
(ಒಬ್ಬ ಓದುಗರು, ಜಾರ್ಜಿಯಾ)

ಉತ್ತರ: ಸರ್ಕಾರದ ಟೆಫ್ಯಾಪ್ ಯೋಜನೆಯ ಸಾಮಾನು ನಿಮ್ಮಲ್ಲಿದ್ದರೆ ಹಾಗೆ ಮಾಡಿಸುವ ಹಾಗೇ ಇಲ್ಲ. ಪ್ರಾರ್ಥನೆ ಬೇರೆ ಹೊತ್ತಿಗೋ ಬೇರೆ ಕೋಣೆಯಲ್ಲೋ ನಡೆಯಬೇಕು, ಇಷ್ಟ ಇದ್ದವರು ಹೋಗಬೇಕು. ಆ ಸಾಮಾನು ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ, ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತವರಿಂದ ಆಮೆನ್ ಅನ್ನಿಸಿ ಯಾರಿಗೆ ಏನು ಸಿಗುತ್ತದೆ? ಬಾಗಿಲು ತೆಗೆಯುವ ಮುಂಚೆ ವಾಲಂಟಿಯರ್‌ಗಳು ಮಾತ್ರ ಕೈ ಹಿಡಿದು ಪ್ರಾರ್ಥಿಸಿ. ಪ್ರಾರ್ಥನೆ ಬೇಕು ಅನ್ನುವವರು ಹೆಸರು ಬರೆದು ಹಾಕಲಿ ಅಂತ ಮೂಲೆಯಲ್ಲೊಂದು ಡಬ್ಬಿ ಇಡಿ. ನಮ್ಮಲ್ಲಿ ಆ ಡಬ್ಬಿ ಪ್ರತಿ ವಾರ ತುಂಬುತ್ತದೆ.

ಪ್ರಶ್ನೆ: ನಮ್ಮೂರಿನ ಚರ್ಚ್‌ನಲ್ಲೂ ಇಂಥದ್ದು ಶುರು ಮಾಡಬಹುದಾ?
(ಒಬ್ಬ ಓದುಗರು, ಮಂಗಳೂರು)

ಉತ್ತರ: ನಿಮ್ಮಲ್ಲಿ ಬೇರೆ ಹೆಸರಲ್ಲಿ ಆಗಲೇ ಇರಬಹುದು. ಅನೇಕ ಕಥೋಲಿಕ ಚರ್ಚ್‌ಗಳಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯ ಘಟಕ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಘ ಅದು. ಕಷ್ಟದಲ್ಲಿರುವವರ ಮನೆಗೇ ಹೋಗಿ ನೋಡಿ ಬರುವುದು ಅವರ ಪದ್ಧತಿ. ಮೊದಲು ಅವರ ಹತ್ತಿರ ಮಾತಾಡಿ. ಅಕ್ಕಿ ಹಂಚುವ ಯೋಚನೆ ಬೇಡ, 2013ರಿಂದ ಅನ್ನಭಾಗ್ಯ ಇದೆ, ಕಾರ್ಡ್ ಇದ್ದವರಿಗೆ ಅಕ್ಕಿ ಸಿಗುತ್ತದೆ. ಬೇಳೆ, ಎಣ್ಣೆ, ಹಾಲಿನ ಪುಡಿ, ಸೋಪು ಇಡಿ. ಉತ್ತರ ಕರ್ನಾಟಕದಿಂದ, ಬಿಹಾರ ಒಡಿಶಾಗಳಿಂದ ಕಟ್ಟಡದ ಕೆಲಸಕ್ಕೆ ಬಂದವರನ್ನೂ ಕೇಳಿ, ಎಷ್ಟೋ ಜನ ರೇಷನ್ ಕಾರ್ಡನ್ನು ಊರಲ್ಲೇ ಬಿಟ್ಟು ಬಂದಿರುತ್ತಾರೆ. ಮದುವೆ ಹಾಲ್‌ನಲ್ಲಿ ಉಳಿದ ಊಟ ಹಂಚುವುದನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಅದಕ್ಕೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2019ರ ನಿಯಮಗಳೇ ಬೇರೆ ಇವೆ. ಬಿಸಿ ಆರುವ ಮುಂಚೆ ಓಡಬೇಕಾದ ಕೆಲಸ ಅದು, ವಾರಕ್ಕೊಮ್ಮೆ ಬಾಗಿಲು ತೆಗೆಯುವವರಿಂದ ಆಗಲ್ಲ.