ಪದಕ ಈಗ ಎಲ್ಲಿದೆ? — ಬರಹಗಾರರೊಬ್ಬರಿಗೆ ಉತ್ತರ

ಪ್ರಿಯ ಲೇಖಕರೆ,

‘ಲಾಭವೆಲ್ಲ ನಷ್ಟ’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ‘ಸ್ಥಳಾಭಾವ’ ಎಂಬ ಒಂದು ಪದ ಬರೆದು ಲಕೋಟೆ ಅಂಟಿಸುವುದು ಸಂಪಾದಕರಿಗೆ ಸುಲಭದ ದಾರಿ. ಲಷ್ಕರ್ ಮೊಹಲ್ಲಾದ ಈ ಕಚೇರಿಯಿಂದ ಅಂಥ ಪತ್ರಗಳು ಎಷ್ಟೋ ಹೋಗಿವೆ. ನಿಮ್ಮ ಹಸ್ತಪ್ರತಿಯ ಆರನೆಯ ಪುಟದಲ್ಲಿರುವ ನಾಲ್ಕು ಸಾಲುಗಳಿಂದಾಗಿ ಹಾಗೆ ಮಾಡಲು ಮನಸ್ಸಾಗಲಿಲ್ಲ. ಆ ಸಾಲುಗಳಿಗೆ ಆಮೇಲೆ ಬರುತ್ತೇನೆ.

ನೀವು ಹೇಳಿರುವುದನ್ನು ನಾನು ಸರಿಯಾಗಿ ಗ್ರಹಿಸಿದ್ದೇನೆಯೇ ಎಂದು ಮೊದಲು ನೋಡಿಕೊಳ್ಳಿ. ಮಂಡ್ಯ ಜಿಲ್ಲೆಯ ರೈತ ಕುಟುಂಬದಿಂದ ಬಂದ ನೀವು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚಿನ್ನದ ಪದಕ ಪಡೆದಿರಿ, ಉಪನ್ಯಾಸಕರಾದಿರಿ, ಕುವೆಂಪುನಗರದಲ್ಲಿ ಮನೆ ಕಟ್ಟಿದಿರಿ. ಅನಂತರ ಒಂದು ದೀರ್ಘ ಕಾಯಿಲೆಯ ಕಾಲದಲ್ಲಿ, ಅಜ್ಜನ ಕಾಲದಿಂದ ಮನೆಯಲ್ಲಿದ್ದರೂ ನೀವು ಅಷ್ಟಾಗಿ ಗಮನ ಕೊಡದಿದ್ದ ಕ್ರೈಸ್ತ ವಿಶ್ವಾಸ ನಿಮ್ಮ ಸ್ವಂತದ್ದಾಯಿತು. ಇಂದು ಪದಕ, ಪದವಿ, ಮನೆ ಎಲ್ಲವೂ ನಿಮ್ಮ ದೃಷ್ಟಿಯಲ್ಲಿ ಕಸ. ಇದಕ್ಕೆ ಆಧಾರವಾಗಿ ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯವನ್ನು, ತನಗೆ ಲಾಭವಾಗಿದ್ದದ್ದನ್ನೆಲ್ಲ ಕ್ರಿಸ್ತನಿಗಾಗಿ ನಷ್ಟವೆಂದೂ ಕಸವೆಂದೂ ಎಣಿಸುತ್ತೇನೆ ಎಂದು ಅವನು ಹೇಳುವ ಭಾಗವನ್ನು, ತೆಗೆದುಕೊಂಡಿದ್ದೀರಿ. ಈ ಅನುಭವ ನಿಜವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ತಕರಾರು ಇರುವುದು ಬರವಣಿಗೆಯ ಬಗ್ಗೆ. ಆದರೆ ಇಂಥ ವಿಷಯದಲ್ಲಿ ಬರವಣಿಗೆಯ ಅಪ್ರಾಮಾಣಿಕತೆ ಬರವಣಿಗೆಯಲ್ಲೇ ನಿಲ್ಲುವುದಿಲ್ಲ, ಅದು ವಿಶ್ವಾಸದ ಮೇಲೂ ಬಣ್ಣ ಬಿಡುತ್ತದೆ ಎಂಬುದನ್ನು ನೀವೂ ಒಪ್ಪುವಿರೆಂದು ಭಾವಿಸುತ್ತೇನೆ.

ಸಣ್ಣ ತಪ್ಪುಗಳನ್ನು ಬೇಗ ಮುಗಿಸುತ್ತೇನೆ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗುವುದು ಸುಲಭ ಎಂಬ ಮಾತನ್ನು ಯೇಸು ಸಿರಿವಂತ ಸುಂಕದವನಾದ ಜಕ್ಕಾಯನಿಗೆ ಹೇಳಿದನೆಂದು ಬರೆದಿದ್ದೀರಿ. ಅದು ಶಿಷ್ಯರಿಗೆ ಹೇಳಿದ್ದು, ಆಸ್ತಿ ಬಿಡಲಾರದೆ ವ್ಯಸನದಿಂದ ಹೊರಟುಹೋದ ಇನ್ನೊಬ್ಬ ಸಿರಿವಂತನ ಪ್ರಸಂಗದಲ್ಲಿ. ಜಕ್ಕಾಯನಾದರೋ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಉಳಿದರ್ಧ ಎಲ್ಲಿ ಎಂದು ಯೇಸು ಕೇಳಲಿಲ್ಲ. ಈ ಇಬ್ಬರನ್ನು ಒಂದು ಮಾಡಿದ್ದರಿಂದ ನಿಮ್ಮ ಪ್ರಬಂಧಕ್ಕೆ ಅತ್ಯಂತ ಅಗತ್ಯವಾಗಿದ್ದ ವ್ಯತ್ಯಾಸವೇ ಅಳಿಸಿಹೋಗಿದೆ. ಹಾಗೆಯೇ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಕೆಟ್ಟತನಕ್ಕೆ ಮೂಲವೆನ್ನುವುದು ಹಣದಾಸೆಯನ್ನು, ಹಣವನ್ನಲ್ಲ. ಸಂತ ಫಿಲೋಮಿನಾ ಚರ್ಚಿಗೆ ಒಂದು ಪೂರ್ತಿ ಪುಟ ಕೊಟ್ಟು, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟದ್ದನ್ನೂ ಗೋಪುರಗಳ 175 ಅಡಿ ಎತ್ತರವನ್ನೂ ಹೇಳಿದ್ದೀರಿ. ಸಂಪತ್ತನ್ನು ಕಸವೆನ್ನುವ ವಿಶ್ವಾಸ ಅಷ್ಟೆತ್ತರದ ಕಲ್ಲಿನ ಗೋಪುರಗಳನ್ನು ಏಕೆ ಕಟ್ಟುತ್ತದೆ ಎಂಬ ಪ್ರಶ್ನೆ ಅಲ್ಲಿ ಬಾಯಿ ತೆರೆದು ನಿಂತಿದೆ. ಅದನ್ನು ಕೇಳುವ ಧೈರ್ಯವಿದ್ದರೆ ಆ ಪುಟವನ್ನು ಇಟ್ಟುಕೊಳ್ಳಿ. ಇಲ್ಲವಾದರೆ ತೆಗೆಯಿರಿ, ಅಂಚೆ ಕಾರ್ಡಿನ ಹಿಂಬದಿಯ ವಿವರಣೆಯಂತಿದೆ.

ಪಂಡಿತಾ ರಮಾಬಾಯಿಯವರ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಅವರು ‘ಎಲ್ಲ ಬಿರುದುಗಳನ್ನೂ ಕಿತ್ತೆಸೆದು’ ಕ್ರಿಸ್ತನನ್ನು ಹಿಂಬಾಲಿಸಿದರೆಂದು ಬರೆದಿದ್ದೀರಿ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ತಂದೆತಾಯಿಯರಿಂದ ಸಂಸ್ಕೃತ ಕಲಿತು, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಎನ್ನಿಸಿಕೊಂಡವರು ಅವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಆ ಹೆಸರು ಅವರ ಜೊತೆಯಲ್ಲೇ ಉಳಿಯಿತು. ಪಾಂಡಿತ್ಯವನ್ನಂತೂ ಅವರು ಎಸೆಯಲೇ ಇಲ್ಲ. ಹೀಬ್ರೂ, ಗ್ರೀಕ್ ಕಲಿತು, ಬೈಬಲನ್ನು ಮರಾಠಿಗೆ ಅನುವಾದಿಸುವ ಕೆಲಸದಲ್ಲಿ 1922ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ದುಡಿಸಿಕೊಂಡರು. ಕಿತ್ತೆಸೆಯುವುದು ನಾಟಕಕ್ಕೆ ಚೆನ್ನಾಗಿ ಒಗ್ಗುವ ಕ್ರಿಯೆ. ಒಂದು ವಿದ್ಯೆಯ ಯಜಮಾನನನ್ನು ಬದಲಾಯಿಸಿ ಅದೇ ವಿದ್ಯೆಯಲ್ಲಿ ಹತ್ತಾರು ವರ್ಷ ಬೆವರು ಸುರಿಸುವುದು ನೋಡುವವರಿಗೆ ಅಷ್ಟು ಸೊಗಸಲ್ಲ, ಆದ್ದರಿಂದಲೇ ಇರಬೇಕು, ವಿಶ್ವಾಸಕ್ಕೆ ಬಂದ ಬಗೆಯನ್ನು ಹೇಳುವ ನಮ್ಮ ಸಾಕ್ಷಿ ಬರಹಗಳಲ್ಲಿ ಅದು ಕಾಣುವುದೂ ಅಪರೂಪ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೌಲನ ಮಾತು ಲೆಕ್ಕದ ಪುಸ್ತಕದ ಮಾತು: ಲಾಭ, ನಷ್ಟ, ಎಣಿಕೆ. ನೀವು ನಷ್ಟದ ಪುಟವನ್ನು ಮಾತ್ರ ತೆರೆದಿದ್ದೀರಿ, ಅವನು ಲಾಭದ ಪುಟದಿಂದ ಶುರು ಮಾಡುತ್ತಾನೆ. ಎಂಟನೆಯ ದಿನದ ಸುನ್ನತಿ, ಇಸ್ರಾಯೇಲ್ ವಂಶ, ಬೆನ್ಯಾಮೀನನ ಕುಲ, ಇಬ್ರಿಯರಿಂದ ಹುಟ್ಟಿದ ಇಬ್ರಿಯತನ, ಹೀಗೆ ನಾಲ್ಕು ಹುಟ್ಟಿನಿಂದ ಬಂದವು. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಥದವನಾದದ್ದು, ಕ್ರೈಸ್ತ ಸಭೆಯನ್ನು ಹಿಂಸಿಸುವಷ್ಟು ಇದ್ದ ಆಸಕ್ತಿ, ಧರ್ಮಶಾಸ್ತ್ರದಲ್ಲಿ ನಿರ್ದೋಷಿ ಎನ್ನಿಸಿಕೊಂಡದ್ದು, ಈ ಮೂರು ಸ್ವಂತ ಸಂಪಾದನೆ. ಏಳನ್ನೂ ಅವನು ತಲೆ ತಗ್ಗಿಸದೆ, ಕೊಂಚ ಬಿಗುಮಾನದಿಂದಲೇ ಬರೆಯುತ್ತಾನೆ. ಹಿಂಸಿಸಿದ್ದನ್ನೂ ಲಾಭದ ಪಟ್ಟಿಯಲ್ಲೇ ಇಡುತ್ತಾನೆಂಬುದನ್ನು ಗಮನಿಸಿ; ಒಂದು ಕಾಲಕ್ಕೆ ಅದು ಅವನಿಗೆ ಲಾಭವಾಗಿಯೇ ಕಂಡಿತ್ತು, ಅದನ್ನು ಮರೆಮಾಚುವುದಿಲ್ಲ. ಆ ಪಟ್ಟಿಯ ತೂಕ ಗೊತ್ತಾದ ಮೇಲಷ್ಟೇ ‘ನಷ್ಟ’ ಎಂಬ ಮಾತು ಓದುಗನ ಎದೆಗೆ ಬಡಿಯುತ್ತದೆ. ನಿಮ್ಮಲ್ಲಿ ಪದಕಕ್ಕೆ ಅರ್ಧ ವಾಕ್ಯ, ಅದು ನಿಷ್ಪ್ರಯೋಜಕವೆಂಬುದಕ್ಕೆ ಎರಡು ಪುಟ. ಮೊದಲಿನಿಂದಲೂ ಬೆಲೆಯಿಲ್ಲದ ವಸ್ತುವನ್ನು ಬಿಟ್ಟುಬಿಟ್ಟೆ ಎಂದರೆ ಯಾರು ತಾನೆ ಬೆರಗಾಗುತ್ತಾರೆ? ಆ ಪದಕಕ್ಕಾಗಿ ಎಷ್ಟು ರಾತ್ರಿ ಓದಿದಿರಿ, ಅದನ್ನು ಕೈಯಲ್ಲಿ ಹಿಡಿದಾಗ ಅದರ ಅಂಚು ಹೇಗಿತ್ತು, ಮೊದಲು ಯಾರಿಗೆ ತೋರಿಸಿದಿರಿ, ನೆರೆಮನೆಯವರು ಕೇಳದಿದ್ದರೂ ಎಷ್ಟು ಸಲ ಆ ಮಾತು ತೆಗೆದಿರಿ, ಇವೆಲ್ಲ ಬರಲಿ. ನಾಚಿಕೊಳ್ಳಬೇಡಿ.

ಎರಡನೆಯದು ಇನ್ನೂ ಕಠಿಣವಾದ ಮಾತು, ಬೇಸರಿಸಿಕೊಳ್ಳಬೇಡಿ. ಪೌಲನು ಕಸವೆಂದು ಎಣಿಸುವುದು ತನ್ನ ಗಳಿಕೆಯನ್ನು; ಅಲ್ಲಿ ಎಣಿಸುವ ಕ್ರಿಯಾಪದಗಳಿಗೆಲ್ಲ ಕರ್ತೃ ‘ನಾನು’. ನಿಮ್ಮ ನಾಲ್ಕನೆಯ ಪುಟದಲ್ಲಿ ಕಸವಾಗಿರುವುದು ನಿಮ್ಮ ಅಣ್ಣನ ಗಳಿಕೆ. ಅವರು ಇಪ್ಪತ್ತು ಗುಂಟೆ ಗದ್ದೆ ಕೊಂಡದ್ದು, ತಾರಸಿ ಮನೆ ಕಟ್ಟಿದ್ದು, ಭಾನುವಾರವೂ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತದ್ದು, ಎಲ್ಲವನ್ನೂ ಹೇಳಿ, ಲೂಕನ ಸುವಾರ್ತೆಯಲ್ಲಿ ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಲು ಹೊರಟ ಬುದ್ಧಿಹೀನ ಐಶ್ವರ್ಯವಂತನಿಗೆ ಅವರನ್ನು ಹೋಲಿಸಿದ್ದೀರಿ. ಆದರೆ ನಿಮ್ಮ ಎರಡನೆಯ ಪುಟದಲ್ಲೇ ಒಂದು ವಾಕ್ಯವಿದೆ: ನಿಮ್ಮ ಎಂ.ಎ. ಶುಲ್ಕ ಬಂದದ್ದು ಅದೇ ಆಲೆಮನೆಯ ಬೆಲ್ಲದಿಂದ. ಓದುಗ ಎರಡನೆಯ ಪುಟವನ್ನು ನಾಲ್ಕನೆಯ ಪುಟದವರೆಗೂ ನೆನಪಿಟ್ಟುಕೊಂಡಿರುತ್ತಾನೆ, ಲೇಖಕರೆ. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ಕಟ್ಟಿದ ಕಪ್ಪು ನೊರೆಯನ್ನು ಜಾಲರಿಯಲ್ಲಿ ಎತ್ತಿ ಎತ್ತಿ ಹೊರಗೆ ಹಾಕುವ ಕೆಲಸವನ್ನು ನೀವು ಕಂಡೇ ಇರುತ್ತೀರಿ. ಆ ಕೆಲಸ ಮಾಡಿದವರನ್ನೇ ನೊರೆಯೆಂದು ಎತ್ತಿಹಾಕಿದರೆ ಪ್ರಬಂಧದಲ್ಲಿ ಬೆಲ್ಲ ಉಳಿಯುವುದಿಲ್ಲ.

ಪೌಲನ ಅದೇ ಪತ್ರಿಕೆಯ ಕೊನೆಯ ಅಧ್ಯಾಯವನ್ನು ನೀವು ಓದಿ ಮುಗಿಸಿದ್ದೀರೋ ಇಲ್ಲವೋ ಎಂಬ ಅನುಮಾನ ನನಗೆ ಬಂದದ್ದು ಇಲ್ಲಿಯೇ. ಸೆರೆಯಲ್ಲಿದ್ದ ಅವನಿಗೆ ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದ್ದರು. ಆ ಪತ್ರಿಕೆ ಒಂದು ರೀತಿಯಲ್ಲಿ ಅದಕ್ಕೆ ಕೊಟ್ಟ ರಸೀದಿ. ‘ನನಗೆ ಎಲ್ಲ ಸಂದಿದೆ’ ಎನ್ನಲು ಅವನು ಬಳಸುವ ಗ್ರೀಕ್ ಪದ ಅಂದಿನ ವ್ಯಾಪಾರದ ರಸೀದಿಗಳಲ್ಲಿ ಬರೆಯುತ್ತಿದ್ದ ಪದವೇ. ಬಂದ ಸಹಾಯವನ್ನು ಅವನು ಕಸವೆನ್ನುವುದಿಲ್ಲ. ದೇವರಿಗೆ ಮೆಚ್ಚುಗೆಯಾದ ಸುಗಂಧವೆನ್ನುತ್ತಾನೆ. ತನ್ನ ಹೆಗ್ಗಳಿಕೆಗೆ ಒಂದು ಹೆಸರು, ಇತರರು ಬೆವರಿನಿಂದ ಕೊಟ್ಟದ್ದಕ್ಕೆ ಇನ್ನೊಂದು ಹೆಸರು, ಎರಡೂ ಒಂದೇ ಕೈಯ ಬರಹ. ನಿಮ್ಮ ಅಣ್ಣನ ಆಲೆಮನೆಯ ವಾಸನೆಗೆ ನಿಮ್ಮ ಪ್ರಬಂಧದಲ್ಲಿ ಯಾವ ಹೆಸರು ಸಲ್ಲಬೇಕೆಂದು ನೀವೇ ತೀರ್ಮಾನಿಸಿ.

ಪದಗಳ ಬಗ್ಗೆ ಒಂದು ಮಾತು ಹೇಳಿದರೆ ಆರನೆಯ ಪುಟಕ್ಕೆ ದಾರಿಯಾಗುತ್ತದೆ. ನೀವು ಮೂರು ಕಡೆ ‘ಕಸ’ವನ್ನು ಬಿಟ್ಟು ‘ಗೊಬ್ಬರ’ ಎಂದಿದ್ದೀರಿ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸಗಣಿ ಎಂಬರ್ಥದ ಪದವಿರುವುದು ನಿಜ. ಮೂಲದ ‘ಸ್ಕುಬಲ’ ಎಂಬ ಗ್ರೀಕ್ ಪದಕ್ಕೂ ಹೊಲಸು, ಉಚ್ಛಿಷ್ಟ, ಗುಡಿಸಿಹಾಕಿದ್ದು ಎಂಬ ಅರ್ಥಗಳೆಲ್ಲ ಇವೆ. ಆದರೆ ಮಂಡ್ಯದಲ್ಲಿ ಯಾರೂ ಗೊಬ್ಬರವನ್ನು ಎಸೆಯುವುದಿಲ್ಲ. ಟ್ರ್ಯಾಕ್ಟರ್ ಲೋಡಿಗೆ ಇಷ್ಟೆಂದು ಚೌಕಾಸಿ ಮಾಡಿ ಕೊಳ್ಳುತ್ತಾರೆ, ಬೇಸಿಗೆಯಲ್ಲಿ ತಿಪ್ಪೆಯ ಮೇಲೆ ದಾಯಾದಿಗಳಲ್ಲಿ ಜಗಳವೂ ನಡೆಯುತ್ತದೆ. ‘ನನ್ನ ಪದವಿಗಳೆಲ್ಲ ಗೊಬ್ಬರ’ ಎಂಬ ನಿಮ್ಮ ಸಾಲನ್ನು ಓದಿದ ರೈತ, ಪರವಾಗಿಲ್ಲ, ಒಳ್ಳೆಯ ಬೆಳೆ ಬರುತ್ತದೆ ಎಂದುಕೊಂಡಾನು. ಕನ್ನಡ ಬೈಬಲಿನ ‘ಕಸ’ವನ್ನೇ ಇಟ್ಟುಕೊಳ್ಳಿ. ಅದು ಎಷ್ಟು ಆಳವಾದ ಪದವೆಂಬುದು ನಿಮಗಿಂತ ಚೆನ್ನಾಗಿ ನಿಮ್ಮ ಹಸ್ತಪ್ರತಿಗೆ ಗೊತ್ತಿದೆ.

ಆ ನಾಲ್ಕು ಸಾಲುಗಳನ್ನು ಇಲ್ಲಿ ಮತ್ತೆ ಬರೆಯುತ್ತೇನೆ: ‘ಘಟಿಕೋತ್ಸವದ ಹಿಂದಿನ ರಾತ್ರಿ ಮನೆಯ ಹಸು ಕರು ಹಾಕಿತು. ಬೆಳಗಾದರೂ ಕಸ ಬಿದ್ದಿರಲಿಲ್ಲ. ಅಪ್ಪ ಕೊಟ್ಟಿಗೆ ಬಿಟ್ಟು ಏಳಲಿಲ್ಲ. ಕ್ರಾಫರ್ಡ್ ಭವನಕ್ಕೆ ಅಣ್ಣ ಒಬ್ಬನೇ ಬಂದ.’ ಇಷ್ಟು ಬರೆದು, ಮರುಸಾಲಿನಲ್ಲಿ ‘ಹೀಗೆ ಲೋಕದ ಮರ್ಯಾದೆ ಕ್ಷಣಿಕ’ ಎಂದು ಓಡಿಹೋಗಿದ್ದೀರಿ. ಒಂಬತ್ತು ಪುಟಗಳಲ್ಲಿ ಮೂವತ್ತು ಸಲ ಬಂದ ಪದ ಇಲ್ಲಿ ಮಾತ್ರ ತನ್ನ ಇನ್ನೊಂದು ಅರ್ಥದಲ್ಲಿ, ಹಸುವಿನ ಮಾಸು ಎಂಬರ್ಥದಲ್ಲಿ, ಉಪದೇಶದ ಹಂಗಿಲ್ಲದೆ ಬಂದು ನಿಂತಿದೆ. ಕರು ಹೊಟ್ಟೆಯಲ್ಲಿರುವಷ್ಟು ಕಾಲ ಅದಕ್ಕೆ ಅನ್ನ, ನೀರು, ಉಸಿರು ಎಲ್ಲವೂ ಆ ಕಸದ ಮೂಲಕವೇ. ಕರು ಹುಟ್ಟಿದ ಮೇಲೆ ಅದು ಬೀಳಬೇಕು. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ಮನೆಯವರಿಗೆ ದಿಗಿಲು ಶುರುವಾಗುತ್ತದೆ, ಒಳಗೇ ಕೊಳೆತರೆ ಹಸುವಿನ ಜೀವಕ್ಕೇ ಕುತ್ತು. ಬಿದ್ದದ್ದನ್ನೂ ನಮ್ಮ ಕಡೆ ತಿಪ್ಪೆಗೆ ಎಸೆಯುತ್ತಿರಲಿಲ್ಲ. ನಾಯಿ ಮುಟ್ಟದಂತೆ ಹುಲ್ಲಿನಲ್ಲಿ ಸುತ್ತಿ, ಹಾಲು ಬರುವ ಮರವೆಂದು ಆಲಕ್ಕೆ ಕಟ್ಟಿ ಬರುತ್ತಿದ್ದರು. ಈ ಅರ್ಥ ಪೌಲನ ಗ್ರೀಕಿನಲ್ಲಿ ಇಲ್ಲ, ಅದನ್ನು ಅವನ ಮೇಲೆ ಹೊರಿಸಬೇಡಿ. ಆದರೆ ಕೊಟ್ಟಿಗೆಯ ಪಕ್ಕದಲ್ಲಿ ಬೆಳೆದ ನೀವು ಆ ವಾಕ್ಯವನ್ನು ಕನ್ನಡದಲ್ಲಿ ಓದುವಾಗ ನಿಮ್ಮ ಕಿವಿಗೆ ಇದು ಕೇಳಿಸದೆ ಇರಲು ಸಾಧ್ಯವೇ? ಒಂದು ಕಾಲಕ್ಕೆ ನಿಮ್ಮನ್ನು ಸಾಕಿದ್ದೇ, ಹುಟ್ಟಿನ ಅನಂತರ ಬೀಳಬೇಕಾದದ್ದೂ ಆಗಿದೆ. ಪದಕವನ್ನು ತುಚ್ಛೀಕರಿಸದೆ ಕಸವೆನ್ನಲು ನಿಮ್ಮ ಮಾತೃಭಾಷೆ ದಾರಿ ಬಿಟ್ಟುಕೊಟ್ಟಿರುವಾಗ ಉಪದೇಶಕರ ಸವೆದ ದಾರಿ ನಿಮಗೇಕೆ?

ಎಂಟನೆಯ ಪುಟದಲ್ಲಿ ‘ಬೀರುವಿನಲ್ಲಿದ್ದ ಪದಕ’ ಎಂದು ಬರೆದಿದ್ದೀರಿ. ಇದ್ದ ಎಂದರೆ ಈಗ ಇಲ್ಲವೆಂದೇ? ಮಾರಿದಿರಾ, ಯಾರಿಗಾದರೂ ಕೊಟ್ಟಿರಾ, ಅಥವಾ ಮಖಮಲ್ಲಿನ ಪೆಟ್ಟಿಗೆಯಲ್ಲಿ ಅಲ್ಲೇ ಇದೆಯೇ? ಅಲ್ಲೇ ಇದ್ದರೆ ಅದು ಅವಮಾನವಲ್ಲ. ಪೌಲನು ಒಂದು ವಚನದಲ್ಲಿ ‘ಎಣಿಸಿದ್ದೇನೆ’ ಎಂದವನು ಮುಂದಿನ ವಚನದಲ್ಲಿ ‘ಎಣಿಸುತ್ತೇನೆ’ ಎನ್ನುತ್ತಾನೆ. ಲೆಕ್ಕ ಒಂದೇ ದಿನಕ್ಕೆ ಮುಗಿದಿರಲಿಲ್ಲ. ನಿಮ್ಮ ಪ್ರಬಂಧದಲ್ಲಿ ಎಲ್ಲವೂ ಮುಗಿದುಹೋಗಿದೆ, ಕಾಯಿಲೆ ಬಂತು, ಬೆಳಕು ಕಂಡಿತು, ಆಸೆ ಅಳಿಯಿತು. ಹಾಗೆ ಅಳಿದಿದ್ದರೆ ಸಂತೋಷ. ಆದರೆ ‘ಚಿನ್ನದ ಪದಕವನ್ನೂ ತೊರೆದ ನಾನು’ ಎಂಬ ಮಾತು ನಿಮ್ಮಲ್ಲಿ ನಾಲ್ಕು ಸಲ ಬರುತ್ತದೆ, ಮತ್ತು ತೊರೆದದ್ದನ್ನೇ ಕೊರಳಿಗೆ ಹಾಕಿಕೊಂಡು ಓಡಾಡಬಹುದೆಂಬ ಎಚ್ಚರ ಆ ನಾಲ್ಕರಲ್ಲಿ ಒಂದು ಸಲವೂ ಕಾಣುವುದಿಲ್ಲ.

ತಿದ್ದುವ ಮನಸ್ಸಿದ್ದರೆ ಒಂಬತ್ತು ಪುಟವನ್ನು ಐದಕ್ಕೆ ಇಳಿಸಿ. ನೀವು ಉದ್ಧರಿಸಿರುವ ಇಪ್ಪತ್ತಮೂರು ಬೈಬಲ್ ವಚನಗಳಲ್ಲಿ ಎರಡೋ ಮೂರೋ ಸಾಕು. ನಮ್ಮ ಓದುಗರಲ್ಲಿ ಚರ್ಚಿಗೆ ಹೋಗುವವರಷ್ಟೇ ಹೋಗದವರೂ ಇದ್ದಾರೆ, ಅವರಿಗೆ ವಚನದ ಸಂಖ್ಯೆ ಪ್ರಮಾಣವಲ್ಲ, ಕೊಟ್ಟಿಗೆ ಪ್ರಮಾಣ. ಹಸ್ತಪ್ರತಿಯನ್ನು ಈ ಪತ್ರದೊಡನೆ ಹಿಂದಿರುಗಿಸಿದ್ದೇನೆ. ಆರನೆಯ ಪುಟದಲ್ಲಿ ಮಾತ್ರ ಏನನ್ನೂ ಹೊಡೆದುಹಾಕಿಲ್ಲ. ಬರೆಯಲು ಕೂರುವ ಮೊದಲು ಒಮ್ಮೆ ಊರಿಗೆ ಹೋಗಿ, ಆ ದಿನ ಕಸ ಬಿದ್ದದ್ದು ಎಷ್ಟು ಹೊತ್ತಿಗೆ, ಅದನ್ನು ಅಪ್ಪ ಯಾವ ಮರಕ್ಕೆ ಕಟ್ಟಿದರು ಎಂದು ಅಣ್ಣನನ್ನು ಕೇಳಿ ಬನ್ನಿ. ಸಂಜೆ ಮೈಸೂರಿನಿಂದ ನಿಮ್ಮ ಪದಕದ ಸುದ್ದಿ ಹೊತ್ತು ಮನೆಗೆ ಹೋದವರು ಅವರೇ, ಮರೆತಿರಲಾರರು.

ವಿಶ್ವಾಸವಿರಲಿ,
ಸಂಪಾದಕ